ಎಡೆದೊರೆ ನಾಡಿನಲ್ಲಿ ಪರಭಾಷೆಯ ಪಾಠ

ಕೃಷ್ಣಾ ತುಂಗಭದ್ರೆಗಳ ನಡುವಣ ಪ್ರದೇಶಕ್ಕೆ ಹಳೆಯ ಶಾಸನಗಳಲ್ಲಿ ಎಡೆದೊರೆಯೆಂದು ಹೆಸರು. ಎಡೆದೊರೆ ಎರಡುಸಾಸಿರವೆಂದು ಅದನ್ನು ಎಣಿಸುತ್ತಿದ್ದರು. ಈಗಿನವರು ದೋಆಬ್ ಎಂಬ ಪಾರಸಿ ಶಬ್ದದಿಂದ ಅದೇ ನಾಡನ್ನು ಅದೇ ಅರ್ಥದಲ್ಲಿ ಕರೆಯುತ್ತಾರೆ. ಎರಡು ಹೊಳೆಗಳ ನಡುವೆ ಇರುವ ನೆಲಕ್ಕೆ ಎರಡು ಭಾಷೆಗಳಲ್ಲಿ ಹೆಸರು ಬಂದುದು ಆಕಸ್ಮಿಕವಲ್ಲ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಳಗೊಂಡ ಈ ಸೀಮೆಯಲ್ಲಿ ಚಾಲುಕ್ಯ ರಾಷ್ಟ್ರಕೂಟರ ಕನ್ನಡ ಶಾಸನಗಳಿಗೆ ಕೊರತೆಯಿಲ್ಲ. ಆದರೂ ಆಳುವವರ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಎಂಬ ಸ್ಥಿತಿಯು ಇಲ್ಲಿ ಮತ್ತೆ ಮತ್ತೆ ಒದಗಿದೆ. ಪ್ರಾಕೃತ, ಪಾರಸಿ, ಉರ್ದು, ಇಂಗ್ಲಿಷ್ ಇವೆಲ್ಲವೂ ಒಂದೊಂದು ಕಾಲದಲ್ಲಿ ಅಧಿಕಾರದ ಮುದ್ರೆಯನ್ನು ಹೊತ್ತು ಬಂದುವು. ಅಂತಹ ಭಾಷೆಯನ್ನು ಮನೆಯಲ್ಲಿ ಕೇಳದ ಬಾಲಕನಿಗೆ ಕಲಿಸಬೇಕಾದ ಉಪಾಧ್ಯಾಯನು ಏನು ಬಲ್ಲವನಾಗಿರಬೇಕು? ಭಾಷೆಯನ್ನು ಬಲ್ಲವನಾದರೆ ಸಾಕೆ, ಬಾಲಕನ ಮನಸ್ಸನ್ನೂ ಬಲ್ಲವನಾಗಿರಬೇಕೆ? ಪ್ರಶ್ನೆಯು ಹೊಸದೆಂದು ತೋರಿದರೂ ಈ ನಾಡಿನ ಚರಿತ್ರೆಯಲ್ಲಿ ಅದಕ್ಕೆ ಹಳೆಯ ಬೇರುಗಳಿವೆ.

ಪಾಶ್ಚಾತ್ಯ ಮನಃಶಾಸ್ತ್ರಜ್ಞರಲ್ಲಿ ಸ್ಯಾಲೊವೆ ಮತ್ತು ಮೇಯರ್ ಎಂಬವರು ೧೯೯೦ರಲ್ಲಿ ಈ ಬಗೆಯ ಅರಿವಿಗೆ ಒಂದು ಶಾಸ್ತ್ರೀಯ ನಿರೂಪಣೆಯನ್ನು ಕೊಟ್ಟರು. ೧೯೯೫ರಲ್ಲಿ ಡೇನಿಯಲ್ ಗೋಲ್ಮನ್ ಬರೆದ ಪುಸ್ತಕದಿಂದ ಅದು ಲೋಕಪ್ರಸಿದ್ಧವಾಯಿತು. ತನ್ನ ಮತ್ತು ಇತರರ ಭಾವವನ್ನು ಕಾಣುವುದು, ಅದರ ಕಾರಣವನ್ನು ತಿಳಿಯುವುದು, ಅದನ್ನು ಹದದಲ್ಲಿಡುವುದು ಇವು ಅದರ ಲಕ್ಷಣಗಳು. ಕನ್ನಡದಲ್ಲಿ ಭಾವಜ್ಞತೆಯೆಂದರೆ ಸಾಕು. ಸ್ಥಾಯಿಭಾವವು ಒಳಗೆ ಅಡಗಿರುವುದು, ಅನುಭಾವಗಳಿಂದ ಅದನ್ನು ಊಹಿಸಬೇಕಾದುದು ಎಂಬ ವಿಚಾರವನ್ನು ಭರತನ ಶಾಸ್ತ್ರದಿಂದ ಅರಿತವರಿಗೆ ಈ ಪ್ರಕ್ರಿಯೆಯು ಅಪರಿಚಿತವೆನಿಸದು. ತಗ್ಗಿದ ಕಣ್ಣು, ನಡುಗುವ ಸ್ವರ, ಪುಸ್ತಕದ ಅಂಚನ್ನು ಮಡಿಸುವ ಬೆರಳು ಇವುಗಳನ್ನು ನಾಟ್ಯದಲ್ಲಿ ಓದಬಲ್ಲವನು ಪಾಠಶಾಲೆಯಲ್ಲಿಯೂ ಓದಬಲ್ಲನು.

ಈಗ ಮಸ್ಕಿಯ ಶಾಸನವನ್ನು ನೋಡೋಣ. ಹಟ್ಟಿಯ ಚಿನ್ನದ ಗಣಿಗಳಿಗೆ ಹೆಸರಾದ ಈ ಸೀಮೆಯಲ್ಲಿ ೧೯೧೫ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಚಿನ್ನವನ್ನು ಅರಸುತ್ತ ಅಶೋಕನ ಬಂಡೆಗಲ್ಲಿನ ಬರಹವನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಹೈದರಾಬಾದಿನ ಪುರಾತತ್ತ್ವ ಇಲಾಖೆಯ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಅದರಲ್ಲಿ ಸ್ಪಷ್ಟವಾಗಿ ದೊರೆತುದರಿಂದ ಚರಿತ್ರಕಾರರು ಆ ಒಂದು ಪದವನ್ನೇ ಕೊಂಡಾಡಿದರು. ಶಾಸನದ ಉಳಿದ ಮಾತಿಗೆ ಅಷ್ಟು ಗಮನವು ಸಲ್ಲಲಿಲ್ಲ. ಅಲ್ಲಿ ಅರಸನು ಹೇಳುವುದೇನೆಂದರೆ: ಈ ಫಲವು ದೊಡ್ಡವರಿಗೆ ಮಾತ್ರ ದೊರೆಯತಕ್ಕದ್ದೆಂದು ಭಾವಿಸಬಾರದು, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಅದು ದೊರೆಯುವುದು, ಸಣ್ಣವರಿಗೂ ದೊಡ್ಡವರಿಗೂ ಹೀಗೆಂದು ತಿಳಿಸಬೇಕು. ಸಣ್ಣವನಿಗೆ ಶಾಸನದಲ್ಲಿರುವ ಶಬ್ದ ಖುದಕ, ಸಂಸ್ಕೃತದ ಕ್ಷುದ್ರಕ. ಪಾಟಲೀಪುತ್ರದ ಭಾಷೆಯಲ್ಲಿ ಬರೆದ ಈ ಮಾತನ್ನು ಇಲ್ಲಿಯ ಒಕ್ಕಲಿಗನು ತಾನೇ ಓದುವಂತಿರಲಿಲ್ಲ. ಯಾರೋ ಒಬ್ಬರು ಬಂಡೆಯ ಬಳಿ ನಿಂತು ಅದನ್ನು ಅವನ ನುಡಿಯಲ್ಲಿ ಬಿಡಿಸಿ ಹೇಳಿರಬೇಕು. ಹಾಗೆ ಹೇಳಿದವನೇ ಎಡೆದೊರೆಯ ಮೊದಲ ಪರಭಾಷೋಪಾಧ್ಯಾಯನೆಂದರೆ ಸಲ್ಲುವುದು. ಅವನ ಮೊದಲ ಪಾಠವು ನಿನಗೂ ಇದು ಸಾಧ್ಯ ಎಂಬ ಆಶ್ವಾಸನೆ!

ಇದೇ ವರ್ಗದ ಇತರ ಶಾಸನಗಳಲ್ಲಿ ಗುರುಶಿಷ್ಯರ ಪ್ರಸಕ್ತಿಯೇ ಬಂದಿದೆ. ಬಿ. ಎಲ್. ರೈಸರು ೧೮೯೨ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿಯ ಬರಹದಲ್ಲಿ ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿಯುಂಟು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಬರಹವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆನೆಯ ಮಾವುತರು, ಬರಹಗಾರರು, ಕುದುರೆಯ ಶಿಕ್ಷಕರು, ಬ್ರಾಹ್ಮಣರು ಇವರೆಲ್ಲರೂ ತಮ್ಮ ತಮ್ಮ ಅಂತೇವಾಸಿಗಳಿಗೆ ಹಳೆಯ ಪದ್ಧತಿಯಂತೆ ಕಲಿಸುವಂತೆ ಮಾಡಬೇಕೆಂದು ಅಧಿಕಾರಿಗಳಿಗೆ ಆಜ್ಞಾಪಿಸುತ್ತದೆ. ಅಂತೇವಾಸಿಯೆಂದರೆ ಹತ್ತಿರ ವಾಸಮಾಡುವವನು. ತೈತ್ತಿರೀಯದ ಶಿಕ್ಷಾವಲ್ಲಿಯಲ್ಲಿಯೂ ಇದೇ ಶಬ್ದವಿದ್ದು, ಅಲ್ಲಿ ಆಚಾರ್ಯನನ್ನು ಪೂರ್ವರೂಪವೆಂದೂ ಅಂತೇವಾಸಿಯನ್ನು ಉತ್ತರರೂಪವೆಂದೂ ವಿದ್ಯೆಯನ್ನು ಅವರಿಬ್ಬರ ಸಂಧಿಯೆಂದೂ ಕಲ್ಪಿಸಿದೆ. ಎರಡು ಪದಗಳು ಎಷ್ಟೇ ಶುದ್ಧವಾಗಿದ್ದರೂ ನಡುವೆ ಬಿಡುವಿದ್ದರೆ ಸಂಧಿಯಾಗದೆಂಬುದು ವ್ಯಾಕರಣವನ್ನು ಬಲ್ಲವರಿಗೆ ವಿದಿತವೇ ಇದೆ. ಈ ಬಿಡುವೇ ಪರಭಾಷೆಯ ತರಗತಿಯ ತೊಡಕು.

ಆದರೆ ಹತ್ತಿರವಿದ್ದ ಮಾತ್ರಕ್ಕೆ ತೊಡಕು ಬಿಡುವುದೆಂದು ಹೇಳಲಾಗದು. ಲಿಂಗಸುಗೂರಿಗೆ ಉತ್ತರದಲ್ಲಿ ಕೃಷ್ಣೆಯ ಆಚೆಗಿರುವ ಸುರಪುರದ ವೃತ್ತಾಂತವು ಇದಕ್ಕೆ ದಾರುಣವಾದ ನಿದರ್ಶನ. ಬಾಲರಾಜನಾದ ವೆಂಕಟಪ್ಪನಾಯಕನ ಕಾಲದಲ್ಲಿ ಆ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು ಕ್ಯಾಪ್ಟನ್ ಮೆಡೋಸ್ ಟೇಲರನು ನಿಯಮಿತನಾಗಿ ೧೮೫೩ರವರೆಗೆ ಅಲ್ಲಿದ್ದನು. ಹುಡುಗನ ಶಿಕ್ಷಣದ ಹೊಣೆಯೂ ಅವನದಾಯಿತು. ಟೇಲರನು ದೇಶಭಾಷೆಗಳನ್ನು ಕಲಿತವನು, ಜನರ ನಡೆನುಡಿಗಳನ್ನು ಸೂಕ್ಷ್ಮವಾಗಿ ಗಮನಿಸಿ ಕಾದಂಬರಿಗಳನ್ನು ಬರೆದವನು. ಭಾವಜ್ಞನೆಂಬ ಹೆಸರಿಗೆ ಅಂದಿನ ಆಂಗ್ಲ ಅಧಿಕಾರಿಗಳಲ್ಲಿ ಅವನಂತೆ ಅರ್ಹರಾದವರು ವಿರಳ. ಹುಡುಗನು ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ೧೮೫೮ರ ಫೆಬ್ರವರಿಯಲ್ಲಿ ಪ್ರಾಪ್ತವಯಸ್ಕನಾದ ಅದೇ ನಾಯಕನು ಕಂಪನಿಯವರ ಮೇಲೆ ಎದ್ದನು. ಅವನ ಮೇಲೆ ಹೋದ ಸೈನ್ಯದ ಒಂದು ತುಕಡಿಯು ಲಿಂಗಸುಗೂರಿನ ದಂಡಿನಿಂದಲೇ ಹೊರಟುದು. ಸೋತು ಸೆರೆಸಿಕ್ಕಿ ಸಿಕಂದರಾಬಾದಿನಲ್ಲಿದ್ದಾಗ ಟೇಲರನು ಅವನನ್ನು ಕಾಣಲು ಹೋದನು. ನಾಯಕನು ಅವನನ್ನು ಅಪ್ಪಿಕೊಂಡು ಅತ್ತನಂತೆ. ಆದರೆ ತನ್ನನ್ನು ಪ್ರೇರಿಸಿದವರ ಹೆಸರುಗಳನ್ನು ರೆಸಿಡೆಂಟನು ಟೇಲರನ ಮೂಲಕ ಕೇಳಿಸಿದಾಗ ಹೇಳಲು ಒಪ್ಪಲಿಲ್ಲ. ಮರಣದಂಡನೆಯು ಕಡಮೆಯಾಗಿ ಚೆಂಗಲ್ಪೇಟೆಯ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಯೆಂದಾಯಿತು. ಅಲ್ಲಿಗೆ ಸಾಗಿಸುವ ದಾರಿಯಲ್ಲಿ ಪಿಸ್ತೂಲಿನ ಗುಂಡಿನಿಂದ ಅವನು ಪ್ರಾಣಬಿಟ್ಟನು.

ಈ ಸಂಗತಿಗಳು ಹೆಚ್ಚಾಗಿ ಟೇಲರನ ಆತ್ಮಕಥೆಯಿಂದ ಬಂದುವು. ಅದು ೧೮೭೭ರಲ್ಲಿ ಅವನ ಮರಣಾನಂತರ ಅಚ್ಚಾಯಿತು. ಅದರಲ್ಲಿ ಶಿಷ್ಯನ ಮಾತೂ ಗುರುವಿನ ಲೇಖನಿಯಿಂದಲೇ ಬಂದುದೆಂಬುದನ್ನು ಮರೆಯಕೂಡದು. ಆದರೂ ಒಂದು ವಿಷಯವು ಅದರಿಂದಲೇ ಸ್ಪಷ್ಟವಾಗುವುದು. ಟೇಲರನ ವಾತ್ಸಲ್ಯವು ಸುಳ್ಳೆಂದು ಹೇಳಲು ಆಧಾರವಿಲ್ಲ. ಆದರೆ ಆ ವಾತ್ಸಲ್ಯವನ್ನೇ ರೆಸಿಡೆಂಟನು ಕೀಲಿಕೈಯಾಗಿ ಬಳಸಲು ನೋಡಿದನು. ಶಿಷ್ಯನ ಹೃದಯವನ್ನು ಬಲ್ಲವನು ಅದನ್ನು ತೆರೆಯಲೂ ಬಲ್ಲನಷ್ಟೆ! ಭಾವವನ್ನು ಅರಿಯುವುದು ಒಂದು, ಭಾವದಲ್ಲಿ ಪಾಲುಗೊಳ್ಳುವುದು ಇನ್ನೊಂದು. ಈಚಿನ ಶಿಕ್ಷಣಗ್ರಂಥಗಳಲ್ಲಿ ಇವೆರಡನ್ನೂ ಒಂದೇ ಮುಷ್ಟಿಯಲ್ಲಿ ಹಿಡಿಯುವ ರೂಢಿ ಕಾಣುತ್ತದೆ. ಎಡೆದೊರೆಯ ಚರಿತ್ರೆಯನ್ನು ಬಲ್ಲವರಿಗೆ ಅದು ಒಪ್ಪಿತವಾಗದು.

೧೮೫೩ರ ಕರಾರಿನಂತೆ ದೋಆಬು ಇಂಗ್ಲಿಷರ ಕೈಸೇರಿ ೧೮೬೦ರಲ್ಲಿ ಮತ್ತೆ ನಿಜಾಮರಿಗೆ ಬಂದಿತು. ಲಿಂಗಸುಗೂರು ಜಿಲ್ಲೆಯ ಮುಖ್ಯ ಸ್ಥಳವಾಗಿದ್ದು, ೧೯೦೫ರಲ್ಲಿ ಆ ಜಿಲ್ಲೆಯನ್ನು ಒಡೆದಾಗ ರಾಯಚೂರಿನ ಅಡಿಗೆ ಬಂದಿತು. ಕಚೇರಿಗಳಲ್ಲಿ ಮೊದಲು ಪಾರಸಿ. ೧೮೮೪ರ ಸುಮಾರಿಗೆ ಅದರ ಸ್ಥಾನದಲ್ಲಿ ಉರ್ದು. ೧೯೧೮ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಹುಟ್ಟಿತು. ಅಲ್ಲಿ ಎಲ್ಲ ಶಾಸ್ತ್ರಗಳಿಗೂ ಉರ್ದುವೇ ಬೋಧಭಾಷೆ, ಇಂಗ್ಲಿಷ್ ಕಡ್ಡಾಯವಾದ ಒಂದು ವಿಷಯ. ಪರಭಾಷೆಯ ಸಂಕೋಲೆಯಿಂದ ವಿದ್ಯೆಯು ಬಿಡುಗಡೆಯಾಯಿತೆಂದು ರವೀಂದ್ರನಾಥ ಠಾಕೂರರೇ ಈ ಪ್ರಯತ್ನವನ್ನು ಹರಸಿದರು. ಅವರ ಆಶಯವು ಉದಾತ್ತವಾದುದು. ಆದರೆ ಸಿಂಧನೂರಿನ ಕನ್ನಡ ಹುಡುಗನ ಕಡೆಯಿಂದ ನೋಡಿದರೆ ಸಂಕೋಲೆಯು ಬಿಚ್ಚಲಿಲ್ಲ, ಇಮ್ಮಡಿಯಾಯಿತು. ಕೆಳಗಿನ ತರಗತಿಗಳಲ್ಲಿ ಕನ್ನಡಕ್ಕೆ ಕೊಂಚ ಎಡೆಯಿದ್ದರೂ ಮೇಲೇರಿದಂತೆ ಉರ್ದು. ಆ ಉರ್ದುವಿನ ಮೂಲಕ ಇಂಗ್ಲಿಷ್. ಇಂಗ್ಲಿಷ್ ಶಬ್ದಕ್ಕೆ ಉಪಾಧ್ಯಾಯನು ಕೊಟ್ಟ ಅರ್ಥಕ್ಕೇ ಇನ್ನೊಂದು ಅರ್ಥವನ್ನು ಹುಡುಗನು ಹುಡುಕಬೇಕು. ಕಾಣದ ಊರಿಗೆ ಕಾಣದ ಊರಿನವನೇ ದಾರಿ ತೋರಿಸಿದಂತೆ ಇದು.

ಉಚ್ಚಾರಣೆಯ ವಿಚಾರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ತರಗತಿಯಲ್ಲಿ ನಗೆಗೂ ನಾಚಿಕೆಗೂ ಎಡೆಯಾಗುವುದು ಇಲ್ಲಿಯೇ. ಕನ್ನಡಿಗನು ಇಂಗ್ಲಿಷ್ ಶಬ್ದದ ಕೊನೆಯ ವ್ಯಂಜನಕ್ಕೆ ಉಕಾರವನ್ನು ಹಚ್ಚುತ್ತಾನೆ: ಬುಕ್ ಎಂಬುದು ಬುಕ್ಕಾಗುತ್ತದೆ, ಬಸ್ ಬಸ್ಸಾಗುತ್ತದೆ. ಉರ್ದು ಮನೆಮಾತಿನವನು ಶಬ್ದದ ಮೊದಲಲ್ಲಿ ಇಕಾರವನ್ನು ಸೇರಿಸಿ ಸ್ಕೂಲನ್ನು ಇಸ್ಕೂಲ್ ಎನ್ನುತ್ತಾನೆ. ಉರ್ದು ಬಲ್ಲ ಮೇಷ್ಟರಿಂದ ಇಂಗ್ಲಿಷ್ ಕಲಿತ ಕನ್ನಡ ಬಾಲಕನ ಬಾಯಲ್ಲಿ ಎರಡೂ ಕೂಡಿ ಇಸ್ಕೂಲು ಎಂದಾಗುವುದು ಸಹಜ. ಆ ಶಬ್ದವು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಳಕೆಯಲ್ಲಿಯೂ ಇದೆ. ಇದನ್ನು ತಪ್ಪೆಂದು ಬೆತ್ತವನ್ನೆತ್ತುವುದು ಸುಲಭ. ಆದರೆ ಸಂಸ್ಕೃತದ ವಾಕ್, ವಿದ್ಯುತ್, ಮರುತ್ ಮುಂತಾದ ವ್ಯಂಜನಾಂತ ಶಬ್ದಗಳನ್ನು ಕನ್ನಡ ಕವಿಗಳು ತಂದುಕೊಂಡಾಗ ಅವು ವಾಕ್ಕು, ವಿದ್ಯುತ್ತು, ಮರುತ್ತು ಎಂದಾದುವಲ್ಲವೆ? ಹಳೆಯ ವೈಯಾಕರಣರು ಇದನ್ನು ದೋಷವೆನ್ನದೆ ಭಾಷೆಯ ನಿಯಮವೆಂದೇ ಎಣಿಸಿದರು. ಬುಕ್ಕು ಎನ್ನುವ ಹುಡುಗನು ಮಹಾಕವಿಗಳು ನಡೆದ ದಾರಿಯಲ್ಲಿಯೇ ನಡೆದಿದ್ದಾನೆ. ಇಕಾರದ ಸಂಗತಿಯೂ ಹಾಗೆಯೇ: ಸಂಸ್ಕೃತದ ಸ್ತ್ರೀ ಶಬ್ದವು ಪ್ರಾಕೃತದಲ್ಲಿ ಇತ್ಥೀ ಎಂದಾಗಿದೆ, ಅಶೋಕನ ಶಾಸನಗಳಲ್ಲಿಯೇ ಅದರ ರೂಪವು ದೊರೆಯುತ್ತದೆ. ಇಸ್ಕೂಲ್ ಎಂದವನನ್ನು ನಗುವವರು ಮೌರ್ಯಚಕ್ರವರ್ತಿಯ ಲಿಪಿಕಾರನನ್ನೂ ನಗಬೇಕಾದೀತು!

ಈ ವಿವರಣೆಯಿಂದ ಹುಡುಗನ ಉಚ್ಚಾರಣೆಯು ಒಂದೇ ದಿನದಲ್ಲಿ ತಿದ್ದುವುದಿಲ್ಲ. ಆದರೆ ಅವನ ತಲೆಯು ಮೇಲೇಳುವುದು. ನಿನ್ನ ನಾಲಗೆ ಕೆಟ್ಟುದಲ್ಲ, ನಿನ್ನ ಭಾಷೆಯ ನಿಯಮವನ್ನು ಅದು ಪಾಲಿಸುತ್ತಿದೆ, ಈ ಹೊಸ ಭಾಷೆಗೆ ಬೇರೆ ನಿಯಮವಿದೆ, ಅದನ್ನೂ ಪಾಲಿಸಲು ಕಲಿ ಎಂದು ಹೇಳಬಲ್ಲ ಗುರುವು ತಿದ್ದುಪಡಿಯನ್ನು ಅಪಮಾನದಿಂದ ಬೇರ್ಪಡಿಸಿದವನಾಗುವನು. ಅಮೆರಿಕೆಯ ಸ್ಟೀಫನ್ ಕ್ರಾಶೆನ್ ಎಂಬ ಭಾಷಾಶಾಸ್ತ್ರಜ್ಞನು ೧೯೮೦ರ ದಶಕದಲ್ಲಿ ಇದನ್ನೇ ಒಂದು ಜರಡಿಯ ರೂಪಕದಿಂದ ವಿವರಿಸಿದನು: ಭಯ, ನಾಚಿಕೆ, ಆತ್ಮವಿಶ್ವಾಸದ ಕೊರತೆ ಇವು ಕಲಿಯುವವನ ಮನಸ್ಸಿಗೆ ಜರಡಿಯಂತೆ ಅಡ್ಡವಾಗಿ, ಕಿವಿಗೆ ಬಿದ್ದ ಭಾಷೆಯು ಒಳಕ್ಕೆ ಇಳಿಯದಂತೆ ತಡೆಯುತ್ತವೆ. ಆ ಮತದ ಇತರ ಅಂಶಗಳನ್ನು ಅನೇಕರು ಖಂಡಿಸಿದ್ದಾರೆ. ಇದೊಂದನ್ನು ತರಗತಿಯಲ್ಲಿ ನಿಂತವರಾರೂ ಅಲ್ಲಗಳೆಯಲಾರರು. ಇಲ್ಲಿ ಗಮನಿಸತಕ್ಕದ್ದು ಇಷ್ಟು: ಇಂತಹ ಭಾವಜ್ಞತೆಯು ಕೇವಲ ಮೃದುಸ್ವಭಾವದಿಂದ ಬರುವುದಲ್ಲ. ಅದಕ್ಕೆ ಬಾಲಕನ ಮನೆಮಾತಿನ ಜ್ಞಾನವು ಬೇಕು. ಕನ್ನಡವನ್ನರಿಯದ ಕರುಣಾಳುವಿಗೆ ಹುಡುಗನು ಹೆದರಿದ್ದಾನೆಂದು ಕಂಡೀತು, ಯಾವ ಅಕ್ಷರಕ್ಕೆ ಹೆದರಿದ್ದಾನೆಂದು ಕಾಣದು.

ರಾಯಚೂರಿನಲ್ಲಿ ಪಂಡಿತ ತಾರಾನಾಥರು ೧೯೨೦ರ ದಶಕದ ಮೊದಲಲ್ಲಿ ನಡೆಸಿದ ರಾಷ್ಟ್ರೀಯ ಶಾಲೆಯ ಹೆಸರು ಈ ದೃಷ್ಟಿಯಿಂದ ವಿಚಾರಾರ್ಹವಾಗಿದೆ. ಅದು ಹಮ್‌ದರ್ದ್ ಶಾಲೆ. ದರ್ದ್ ಎಂದರೆ ನೋವು. ಹಮ್ ಎಂಬ ಪಾರಸಿ ಉಪಪದವು ಸಂಸ್ಕೃತದ ಸಮ ಶಬ್ದದ ಸೋದರ. ಸಮಾನವಾದ ನೋವುಳ್ಳವನು ಹಮ್‌ದರ್ದ್. ಶಾಲೆಗೆ ವಿದ್ಯೆಯ ಹೆಸರನ್ನೋ ದೇವರ ಹೆಸರನ್ನೋ ಅರಸನ ಹೆಸರನ್ನೋ ಇಡುವುದು ವಾಡಿಕೆ. ನೋವಿನ ಪಾಲುದಾರಿಕೆಯ ಹೆಸರನ್ನಿಟ್ಟುದು ಅಪೂರ್ವ. ತಾರಾನಾಥರು ಹುಟ್ಟಿನಿಂದ ದಕ್ಷಿಣ ಕನ್ನಡದವರು, ವೈದ್ಯವನ್ನು ಬಲ್ಲವರು, ಕನ್ನಡ ಇಂಗ್ಲಿಷ್ ಉರ್ದುಗಳಲ್ಲಿ ನಿರರ್ಗಳರು. ಆಳುವವರ ಭಾಷೆಯಿಂದಲೇ ಹೆಸರನ್ನು ಆರಿಸಿ ಅದಕ್ಕೆ ಆಳುವವರೊಪ್ಪದ ಅರ್ಥವನ್ನು ತುಂಬಿದರು. ನಿಜಾಮ ಸರ್ಕಾರದ ಸಂಶಯಕ್ಕೆ ಗುರಿಯಾಗಿ ಅವರು ರಾಯಚೂರನ್ನು ಬಿಡಬೇಕಾಯಿತು. ಹೊಳೆಯಾಚೆ ತುಂಗಭದ್ರೆಯ ದಡದಲ್ಲಿ ಪ್ರೇಮಾಯತನವನ್ನು ಕಟ್ಟಿದರು. ಅಲ್ಲಿಂದ ಹೊರಟ ಪತ್ರಿಕೆಗೆ ಪ್ರೇಮವೆಂದೇ ಹೆಸರು. ೧೯೪೨ರಲ್ಲಿ ಅವರು ತೀರಿಕೊಂಡಾಗ ಮಗ ರಾಜೀವ ತಾರಾನಾಥರು ಹತ್ತು ವರ್ಷದ ಬಾಲಕರು. ಅವರು ಮುಂದೆ ಸರೋದ್ ವಾದನದಿಂದ ಜಗತ್ಪ್ರಸಿದ್ಧರಾದರೂ ಬಹುಕಾಲ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿದ್ದರೆಂಬುದನ್ನು ಪ್ರಸಂಗವಶಾತ್ ಹೇಳಬಹುದು.

ಟೇಲರನಿಗೂ ತಾರಾನಾಥರಿಗೂ ಇರುವ ಅಂತರವು ಸ್ವಭಾವದ್ದಲ್ಲ, ಸ್ಥಾನದ್ದು. ಇಬ್ಬರೂ ಶಿಷ್ಯರ ಮನಸ್ಸನ್ನು ಬಲ್ಲವರೇ. ಒಬ್ಬನ ಅರಿವಿನ ಹಿಂದೆ ರಾಜ್ಯದ ಬಲವಿದ್ದಿತು. ಇನ್ನೊಬ್ಬರು ತಮ್ಮ ಶಿಷ್ಯರಿಗೆ ಒದಗಿದ ಕಷ್ಟವನ್ನು ತಾವೂ ಅನುಭವಿಸಿ ಊರು ಬಿಟ್ಟರು. ಇಂಗ್ಲಿಷ್ ಉಪಾಧ್ಯಾಯನಿಗೆ ಈ ಭೇದವು ಬಹಳ ಹತ್ತಿರದ್ದು. ತಾನು ಕಲಿಸುವ ಭಾಷೆಯೇ ಅಧಿಕಾರದ ಭಾಷೆಯಾಗಿರುವುದರಿಂದ ಅವನು ಬಾಯಿ ತೆರೆಯುವ ಮೊದಲೇ ಶಿಷ್ಯನಿಗಿಂತ ಎತ್ತರದಲ್ಲಿ ನಿಂತಿರುತ್ತಾನೆ.

ಆ ಎತ್ತರದಿಂದ ಇಳಿದವರ ಉದಾಹರಣೆಗಳು ಕನ್ನಡನಾಡಿನಲ್ಲಿ ಇಲ್ಲದಿಲ್ಲ. ನಿಜಾಮರ ಸೀಮೆಯಲ್ಲಿ ನೆರೆದ ಎರಡು ಸಾಹಿತ್ಯ ಸಮ್ಮೇಳನಗಳ ಅಧ್ಯಕ್ಷಪೀಠಕ್ಕೆ ಬಂದವರು ಇಬ್ಬರು ಉಪಾಧ್ಯಾಯರೇ: ೧೯೨೮ರಲ್ಲಿ ಕಲಬುರಗಿಗೆ ಮೈಸೂರಿನ ಇಂಗ್ಲಿಷ್ ಪ್ರಾಧ್ಯಾಪಕರಾದ ಬಿ. ಎಂ. ಶ್ರೀಕಂಠಯ್ಯನವರು, ೧೯೩೪ರಲ್ಲಿ ರಾಯಚೂರಿಗೆ ಪಂಜೆ ಮಂಗೇಶರಾಯರು. ಮೊದಲನೆಯವರು ಇಂಗ್ಲಿಷ್ ಕವಿತೆಯ ಭಾವವನ್ನು ಕನ್ನಡಕ್ಕೆ ಹೊರಳಿಸಿ, ವಿದ್ಯಾರ್ಥಿಗಳು ಆ ಸಾಹಿತ್ಯವನ್ನು ತಮ್ಮ ಮನೆಯ ಬಾಗಿಲಿನಿಂದಲೇ ಪ್ರವೇಶಿಸುವಂತೆ ಮಾಡಿದರು. ಪಂಜೆಯವರು ಶಾಲೆಯ ಉಪಾಧ್ಯಾಯರಾಗಿ, ಇನ್ಸ್ಪೆಕ್ಟರರಾಗಿ, ಮಕ್ಕಳ ಕಥೆಗಳನ್ನೂ ಪದ್ಯಗಳನ್ನೂ ಬರೆದವರು. ಇನ್ಸ್ಪೆಕ್ಟರನೆಂದರೆ ಮಕ್ಕಳೂ ಮೇಷ್ಟರೂ ಸಮಾನವಾಗಿ ನಡುಗುತ್ತಿದ್ದ ಕಾಲದಲ್ಲಿ ಆ ಹುದ್ದೆಯಲ್ಲಿದ್ದವರು ಹಾವನ್ನೂ ಡೊಂಬರ ಚೆನ್ನಿಯನ್ನೂ ಕುರಿತು ಹಾಡು ಕಟ್ಟಿದರೆಂಬುದೇ ಒಂದು ಶಿಕ್ಷಣಶಾಸ್ತ್ರ.

೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆಯು ಕೊನೆಗೊಂಡು, ೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆಯು ಕನ್ನಡ ರಾಜ್ಯದಲ್ಲಿ ಸೇರಿತು. ಉರ್ದುವಿನ ಎಡೆಯಲ್ಲಿ ಕನ್ನಡವು ನಿಂತಿತು. ಇಂಗ್ಲಿಷ್ ತನ್ನ ಎಡೆಯಲ್ಲಿಯೇ ಉಳಿಯಿತು. ೨೦೦೭ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಅದನ್ನು ಒಂದು ವಿಷಯವಾಗಿ ಕಲಿಸತೊಡಗಿದರು. ೨೦೧೧ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡಾ ೫೯.೫೬, ಇಡೀ ರಾಜ್ಯದ್ದು ೭೫.೩೬. ಈ ಅಂತರದ ಅರ್ಥವು ಅಂಕೆಗಿಂತ ದೊಡ್ಡದು: ಇಲ್ಲಿ ಇಂಗ್ಲಿಷ್ ಅಕ್ಷರವನ್ನು ತಿದ್ದುವ ಅನೇಕ ಮಕ್ಕಳ ಮನೆಯಲ್ಲಿ ಕನ್ನಡ ಅಕ್ಷರವನ್ನು ಬಲ್ಲವರೂ ಇಲ್ಲ. ಮನೆಗೆ ಒಯ್ದ ಪಾಠಕ್ಕೆ ಅಲ್ಲಿ ಕೇಳುವವರಿಲ್ಲ; ತರಗತಿಯಲ್ಲಿ ಗುರುವಿನಿಂದ ದೊರೆತುದೇ ಎಲ್ಲ.

ಹಾಜರಿ ಎಂಬ ಶಬ್ದವು ಪಾರಸಿಯ ಕಾಲದಿಂದ ಇಲ್ಲಿಯ ಶಾಲೆಗಳಲ್ಲಿ ಉಳಿದುಬಂದಿದೆ. ಹಾಜರಿಪುಸ್ತಕವು ಮೈಯ ಹಾಜರಿಯನ್ನು ಮಾತ್ರ ಬರೆದುಕೊಳ್ಳುತ್ತದೆ. ೨೦೦೪ರಲ್ಲಿ ಅಮೆರಿಕೆಯ ಮೂವರು ವಿದ್ವಾಂಸರು, ಫ್ರೆಡ್ರಿಕ್ಸ್, ಬ್ಲೂಮೆನ್‌ಫೆಲ್ಡ್, ಪ್ಯಾರಿಸ್ ಎಂಬವರು, ವಿದ್ಯಾರ್ಥಿಯ ತೊಡಗುವಿಕೆಯಲ್ಲಿ ನಡತೆ, ಭಾವ, ಬುದ್ಧಿ ಎಂಬ ಮೂರು ಬಗೆಗಳನ್ನು ಎಣಿಸಿದರು. ಅಂದರೆ ಹಾಜರಿಯೂ ಮೂರು ಬಗೆಯದು. ಕೈಕಟ್ಟಿ ಕುಳಿತು ಹಲಗೆಯನ್ನು ನೋಡುವ ಹುಡುಗನು ಮೊದಲನೆಯದನ್ನು ಕೊಟ್ಟಿದ್ದಾನೆ. ಉಳಿದೆರಡನ್ನು ಯಾರೂ ಕೂಗಿ ಕರೆಯಲಿಲ್ಲವಾದರೆ ಅವನು ಓಗೊಡುವುದಾದರೂ ಹೇಗೆ?

ಸಿಂಧನೂರಿನ ಕಡೆಯಲ್ಲಿ ಈ ಪ್ರಶ್ನೆಯು ಇನ್ನೊಂದು ರೂಪವನ್ನು ತಾಳಿದೆ. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಹರಿಯತೊಡಗಿದ ಬಳಿಕ ಜೋಳ ಬೆಳೆಯುತ್ತಿದ್ದ ಎರೆಯ ಹೊಲಗಳು ಬತ್ತದ ಗದ್ದೆಗಳಾದುವು. ಆಂಧ್ರದಿಂದ ಬಂದ ಒಕ್ಕಲಿಗರು ಕಾಲುವೆಯ ಉದ್ದಕ್ಕೂ ನೆಲಸಿದರು; ಅವರ ಊರುಗಳಿಗೆ ಇಂದಿಗೂ ಕ್ಯಾಂಪುಗಳೆಂದೇ ಹೆಸರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರವು ಭೂಮಿಯನ್ನು ಕೊಟ್ಟು ಆರ್. ಎಚ್. ಕ್ಯಾಂಪುಗಳಲ್ಲಿ ನೆಲೆಗೊಳಿಸಿತು. ಲಂಬಾಣಿ ತಾಂಡಾಗಳು, ದಖನಿ ಉರ್ದುವಿನ ಮನೆಗಳು ಮೊದಲೇ ಇದ್ದುವು. ಹೀಗೆ ಒಂದೇ ತಾಲೂಕಿನ ಶಾಲೆಗಳಲ್ಲಿ ಕನ್ನಡ, ತೆಲುಗು, ಬಂಗಾಳಿ, ಲಂಬಾಣಿ, ಉರ್ದು ಮನೆಮಾತಿನ ಮಕ್ಕಳು ಕೂಡುತ್ತಾರೆ. ಇವರಲ್ಲಿ ಕೆಲವರಿಗೆ ಕನ್ನಡವೇ ಮೊದಲ ಪರಭಾಷೆ, ಇಂಗ್ಲಿಷ್ ಎರಡನೆಯದು. ಉಸ್ಮಾನಿಯಾ ಕಾಲದಲ್ಲಿ ಕನ್ನಡ ಬಾಲಕನು ಉರ್ದುವಿನ ಮುಂದೆ ನಿಂತಿದ್ದ ಸ್ಥಾನದಲ್ಲಿ ಇಂದು ಬಂಗಾಳಿ ಬಾಲಕನು ಕನ್ನಡದ ಮುಂದೆ ನಿಂತಿದ್ದಾನೆ. ಆ ಕಷ್ಟವನ್ನು ಉಂಡ ನಾಡಿನ ಉಪಾಧ್ಯಾಯನಿಗೆ ಅದು ಬೇಗ ಅರ್ಥವಾಗಬೇಕಾದುದು ನ್ಯಾಯ. ಯಾವಾಗಲೂ ಆಗುತ್ತದೆಂದು ಹೇಳುವಂತಿಲ್ಲ.

ಇಂಗ್ಲಿಷ್ ಪಾಠದ ಹೊತ್ತು ಮಾತ್ರ ಈ ಮಕ್ಕಳೆಲ್ಲರಿಗೂ ಸಮಾನ. ಅದು ಅವರಲ್ಲಿ ಯಾರ ಮನೆಮಾತೂ ಅಲ್ಲ. ಅಲ್ಲಿ ಒಂದೇ ಶಬ್ದವು ನಾಲ್ಕು ಬಗೆಯಾಗಿ ಕೇಳಿಬರುವುದುಂಟು: ಕನ್ನಡ ತೆಲುಗು ಮನೆಗಳವರು ಕೊನೆಗೆ ಉಕಾರವನ್ನು ಹಚ್ಚುವರು, ಉರ್ದುವಿನವರು ಮೊದಲಿಗೆ ಇಕಾರವನ್ನು ತರುವರು, ಬಂಗಾಳಿಯವರು ವೆರಿ ಎಂಬುದನ್ನು ಭೆರಿ ಎನ್ನುವರು. ವಕಾರ ಬಕಾರಗಳಿಗೆ ಭೇದವಿಲ್ಲವೆಂಬ ಪಂಡಿತರ ಹಳೆಯ ಮಾತು ಇದನ್ನು ಕೇಳಿದವರ ನೆನಪಿಗೆ ಬಂದೀತು. ಕಿವಿಗೊಟ್ಟು ಕೇಳುವ ಉಪಾಧ್ಯಾಯನಿಗೆ ಯಾವ ಮಗು ಯಾವ ಮನೆಯಿಂದ ಬಂದುದೆಂಬುದು ಈ ಒಂದು ಶಬ್ದದಿಂದಲೇ ತಿಳಿದುಹೋಗುತ್ತದೆ.